ವಿಡಿಯೊ ಎಡಿಟಿಂಗ್‌ಗೆ ಹೊಸ ಡೆಸ್ಕ್‌ಟಾಪ್ ಬೇಕೇ? ಅಂಗಡಿಗೆ ಹೋಗುವ ಮುನ್ನ ಈ ಲೆಕ್ಕ ಹಾಕಿ

ಚೆನ್ನೈ: ನಾವು ಧನುರ್ಮಾಸ ಎನ್ನುವುದೇ ತಮಿಳರ ಮಾರ್ಗಳಿ. ಡಿಸೆಂಬರ್ ಮಧ್ಯದಲ್ಲಿ ಅದು ಆರಂಭವಾದರೆ ಚೆನ್ನೈನ ಸಭಾಗಳಲ್ಲಿ ಸಂಗೀತ ಕಛೇರಿ, ನೃತ್ಯ ಕಾರ್ಯಕ್ರಮಗಳು ಸಾಲುಗಟ್ಟುತ್ತವೆ. ಜನವರಿ ಮಧ್ಯದಲ್ಲಿ ತೈ ತಿಂಗಳು ಹುಟ್ಟಿದ ಕೂಡಲೇ ಮದುವೆಗಳ ಸರದಿ. ವಿಡಿಯೊ ಎಡಿಟ್ ಮಾಡುವವರಿಗೆ ಬಿಡುವಿಲ್ಲದ ಕಾಲವಿದು.

ದಕ್ಷಿಣ ಚೆನ್ನೈನ ಅಡ್ಯಾರ್ ಸುತ್ತಮುತ್ತ ಈ ಕೆಲಸ ಮಾಡುವವರಿಗೆ, ಕಲಿಯುವವರಿಗೆ ಕೊರತೆಯಿಲ್ಲ. ಹಳಬರ ಬಾಯಲ್ಲಿ ‘ಅಡ್ಯಾರ್ ಫಿಲ್ಮ್ ಇನ್‌ಸ್ಟಿಟ್ಯೂಟ್’ ಎಂದೇ ಹೆಸರಾದ ಎಂಜಿಆರ್ ಸರ್ಕಾರಿ ಚಲನಚಿತ್ರ ಮತ್ತು ದೂರದರ್ಶನ ತರಬೇತಿ ಸಂಸ್ಥೆ ಪಕ್ಕದ ತರಮಣಿಯಲ್ಲಿದೆ. ಕಲಾಕ್ಷೇತ್ರ ಇರುವುದು ತಿರುವಾನ್ಮಿಯೂರಿನಲ್ಲಿ. ಕಲಿಯಲು ಅಥವಾ ಕೆಲಸಕ್ಕೆಂದು ಇಲ್ಲಿಗೆ ಬಂದು, ಬಾಡಿಗೆ ಮನೆಯಲ್ಲೇ ಎಡಿಟಿಂಗ್ ಶುರು ಮಾಡುವ ಕನ್ನಡಿಗರ ಮೊದಲ ದೊಡ್ಡ ಖರ್ಚು ಒಂದು ಡೆಸ್ಕ್‌ಟಾಪ್.

ಆದರೆ ಇದೇ ಡಿಸೆಂಬರ್ ಚೆನ್ನೈಗೆ ಮಳೆ, ಚಂಡಮಾರುತದ ತಿಂಗಳೂ ಹೌದು. 2015ರ ಡಿಸೆಂಬರ್ ಆರಂಭದಲ್ಲಿ ಅಡ್ಯಾರ್ ನದಿ ಉಕ್ಕಿ ದಡದ ಬಡಾವಣೆಗಳು ಮುಳುಗಿದವು. 2016ರ ಡಿಸೆಂಬರ್ 12ರಂದು ವರ್ದಾ, 2023ರ ಡಿಸೆಂಬರ್ ಮೊದಲ ವಾರದಲ್ಲಿ ಮಿಚಾಂಗ್ ಚಂಡಮಾರುತ ನಗರವನ್ನು ಕಾಡಿದವು. ಕೆಲಸ ಹೆಚ್ಚಿರುವ ಹೊತ್ತಿಗೇ ಕರೆಂಟ್ ಹೋಗುವುದು, ನೀರು ನುಗ್ಗುವುದು ಇಲ್ಲಿ ನಡೆದುಬಂದ ಸಂಗತಿ.

ಹಾಗಾಗಿ ಕಂಪ್ಯೂಟರ್ ಕೊಳ್ಳುವ ಮೊದಲು ಒಂದು ಮಾತು ನೆನಪಿರಲಿ. ಕಂಪ್ಯೂಟರ್ ಹಾಳಾದರೆ ಇನ್ನೊಂದು ಕೊಳ್ಳಬಹುದು, ಆದರೆ ಮದುವೆಯನ್ನೋ ಅರಂಗೇಟ್ರಂ ಅನ್ನೋ ಇನ್ನೊಮ್ಮೆ ಚಿತ್ರೀಕರಿಸಲಾಗದು. ಬಜೆಟ್ ಪೂರ್ತಿ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್‌ಗೇ ಸುರಿದು, ಫೂಟೇಜ್ ಕಾಪಾಡಲು ಏನೂ ಉಳಿಸದಿರುವುದೇ ಈ ಖರೀದಿಯಲ್ಲಿ ಆಗುವ ದೊಡ್ಡ ನಷ್ಟ.

ಮೊದಲು ಫೂಟೇಜ್ ನೋಡಿ

‘ಎಡಿಟಿಂಗ್‌ಗೆ ಯಾವ ಪಿಸಿ ಒಳ್ಳೆಯದು?’ ಎಂಬ ಪ್ರಶ್ನೆಗೆ ‘ಯಾವ ಫೂಟೇಜ್?’ ಎಂಬ ಮರುಪ್ರಶ್ನೆಯೇ ಸರಿಯಾದ ಉತ್ತರ. ಮೊಬೈಲ್‌ನಲ್ಲಿ ಮತ್ತು ಹೆಚ್ಚಿನ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ವಿಡಿಯೊ ಎಚ್.264 ಅಥವಾ ಎಚ್.265 ರೂಪದಲ್ಲಿ ದಾಖಲಾಗುತ್ತದೆ. ಎಚ್.265ಕ್ಕೆ ಎಚ್‌ಇವಿಸಿ ಎಂಬ ಹೆಸರೂ ಇದೆ. ಜಾಗ ಉಳಿಸಲು ಇವು ಪ್ರತಿ ಫ್ರೇಮನ್ನೂ ಪೂರ್ತಿಯಾಗಿ ಬರೆಯುವುದಿಲ್ಲ. ಒಂದು ಫ್ರೇಮನ್ನು ಪೂರ್ತಿ ಬರೆದು, ನಂತರದವುಗಳಲ್ಲಿ ಬದಲಾದ ಭಾಗವನ್ನಷ್ಟೇ ದಾಖಲಿಸುತ್ತವೆ. ನೀವು ಟೈಮ್‌ಲೈನ್‌ನಲ್ಲಿ ಎಲ್ಲಿ ನಿಲ್ಲಿಸಿದರೂ ಕಂಪ್ಯೂಟರ್ ಅಕ್ಕಪಕ್ಕದ ಫ್ರೇಮ್‌ಗಳನ್ನೆಲ್ಲ ಬಿಡಿಸಿ ಲೆಕ್ಕ ಹಾಕಬೇಕು. ಫೈಲ್ ಚಿಕ್ಕದಾಗಿದ್ದರೂ ಎಡಿಟಿಂಗ್ ತಡವರಿಸುವುದು ಇದೇ ಕಾರಣಕ್ಕೆ.

ಪ್ರೊರೆಸ್, ಡಿಎನ್‌ಎಕ್ಸ್‌ಎಚ್‌ಆರ್‌ನಂಥ ರೂಪಗಳಲ್ಲಿ ಪ್ರತಿ ಫ್ರೇಮೂ ಸ್ವತಂತ್ರ. ಪ್ರೊಸೆಸರ್‌ಗೆ ಹೊರೆ ಕಡಿಮೆ, ಆದರೆ ಫೈಲ್ ಹಲವು ಪಟ್ಟು ದೊಡ್ಡದು. ಅಂದರೆ ಮೊದಲನೆಯ ಬಗೆಯ ಫೂಟೇಜ್‌ಗೆ ಬೇಕಾದದ್ದು ಬಿಡಿಸುವ ಶಕ್ತಿ, ಎರಡನೆಯದಕ್ಕೆ ಬೇಕಾದದ್ದು ವೇಗದ ಹಾಗೂ ವಿಶಾಲವಾದ ಸ್ಟೋರೇಜ್.

ಈ ತೊಂದರೆಗೆ ಹಣ ಖರ್ಚಿಲ್ಲದ ಪರಿಹಾರವೂ ಇದೆ. ಕನ್ನಡ ಚಿತ್ರಗಳು ಮದ್ರಾಸಿನ ಸ್ಟುಡಿಯೊಗಳಲ್ಲಿ ತಯಾರಾಗುತ್ತಿದ್ದ ಕಾಲದಲ್ಲಿ ಸಂಕಲನಕಾರರು ಮೂಲ ನೆಗೆಟಿವ್ ಮುಟ್ಟುತ್ತಿರಲಿಲ್ಲ. ಅದರಿಂದ ತೆಗೆದ ಪ್ರಿಂಟನ್ನು ಕತ್ತರಿಸಿ ಜೋಡಿಸಿ, ಎಲ್ಲ ಅಂತಿಮವಾದ ಮೇಲೆ ನೆಗೆಟಿವ್ ಕತ್ತರಿಸಲಾಗುತ್ತಿತ್ತು. ಇಂದಿನ ‘ಪ್ರಾಕ್ಸಿ’ ಕೂಡ ಅದೇ ಉಪಾಯ. ಸಾಫ್ಟ್‌ವೇರ್ ಮೂಲ ಫೂಟೇಜ್‌ನ ಹಗುರ ನಕಲು ತಯಾರಿಸುತ್ತದೆ, ನೀವು ಅದರ ಮೇಲೆ ಎಡಿಟ್ ಮಾಡುತ್ತೀರಿ, ಎಕ್ಸ್‌ಪೋರ್ಟ್ ಹೊತ್ತಿಗೆ ಮೂಲ ಫೂಟೇಜ್ ಬಳಕೆಯಾಗುತ್ತದೆ. ಪ್ರೀಮಿಯರ್ ಪ್ರೊ, ಡಾವಿಂಚಿ ರಿಸಾಲ್ವ್, ಉಚಿತವಾದ ಕೆಡೆನ್‌ಲೈವ್ ಎಲ್ಲದರಲ್ಲೂ ಈ ಸೌಲಭ್ಯವಿದೆ. ಈಗಿರುವ ಕಂಪ್ಯೂಟರ್‌ನಲ್ಲಿ ಮೊದಲು ಇದನ್ನು ಪ್ರಯತ್ನಿಸಿ. ಹೊಸ ಖರೀದಿಯನ್ನು ಒಂದು ವರ್ಷ ಮುಂದೂಡಲು ಸಾಧ್ಯವಾಗಬಹುದು.

ಪ್ರೊಸೆಸರ್: ಕೊನೆಯ ಅಕ್ಷರ ಗಮನಿಸಿ

ಇಂಟೆಲ್‌ನ ಇತ್ತೀಚಿನ ಡೆಸ್ಕ್‌ಟಾಪ್ ಚಿಪ್‌ಗಳ ಒಳಗಿರುವ ಗ್ರಾಫಿಕ್ಸ್ ಭಾಗದಲ್ಲಿ ‘ಕ್ವಿಕ್ ಸಿಂಕ್’ ಎಂಬ ವ್ಯವಸ್ಥೆ ಇದೆ. ಎಚ್.264, ಎಚ್.265 ಬಿಡಿಸುವುದಕ್ಕೆಂದೇ ಇರುವ ಯಂತ್ರಾಂಶ ಇದು. ಮಾದರಿ ಸಂಖ್ಯೆಯ ಕೊನೆಯಲ್ಲಿ ‘ಎಫ್’ ಅಕ್ಷರವಿದ್ದರೆ ಆ ಗ್ರಾಫಿಕ್ಸ್ ಭಾಗ ಇರುವುದಿಲ್ಲ. ಬೆಲೆ ಸ್ವಲ್ಪ ಕಡಿಮೆ ಎಂದು ಗೇಮಿಂಗ್ ಪಿಸಿಗಳಲ್ಲಿ ಇಂಥ ಚಿಪ್ ಬಳಸುವುದುಂಟು. ಎಡಿಟಿಂಗ್ ಮಾಡುವವರಿಗೆ ಆ ಉಳಿತಾಯ ದುಬಾರಿಯಾಗಬಹುದು.

ಎಎಮ್‌ಡಿ ರೈಜೆನ್ ಚಿಪ್‌ಗಳೂ ಎಡಿಟಿಂಗ್‌ಗೆ ಸಮರ್ಥ. ಅವುಗಳ ಎಎಮ್5 ಸಾಕೆಟ್‌ಗೆ 2027ರವರೆಗೆ ಬೆಂಬಲ ಮುಂದುವರಿಸುವುದಾಗಿ ಕಂಪನಿ ಹೇಳಿದೆ. ಮುಂದೆ ಮದರ್‌ಬೋರ್ಡ್ ಬದಲಿಸದೆ ಪ್ರೊಸೆಸರ್ ಮಾತ್ರ ಬದಲಿಸುವ ಆಲೋಚನೆ ಇದ್ದವರಿಗೆ ಇದು ಅನುಕೂಲ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಎರಡು ಎಚ್ಚರಿಕೆ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಚಿಪ್‌ಗಳಲ್ಲಿ ಅಸ್ಥಿರತೆಯ ದೋಷ ಇರುವುದನ್ನು ಕಂಪನಿಯೇ 2024ರಲ್ಲಿ ಒಪ್ಪಿಕೊಂಡು, ವಾರಂಟಿಯನ್ನು 2 ವರ್ಷ ವಿಸ್ತರಿಸಿತು. ಬಯಾಸ್ ಅಪ್‌ಡೇಟ್ ಆಗಿದೆಯೇ ಎಂದು ಕೇಳದೆ ಅಂಥ ಯಂತ್ರ ಕೊಳ್ಳಬೇಡಿ. ಇನ್ನು, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ರ ಅರ್ಹತಾ ಪಟ್ಟಿಯಲ್ಲಿ ಇಂಟೆಲ್‌ನ 8ನೇ ತಲೆಮಾರಿಗಿಂತ ಹಳೆಯ ಸಾಮಾನ್ಯ ಡೆಸ್ಕ್‌ಟಾಪ್ ಚಿಪ್‌ಗಳಿಲ್ಲ. ಅಗ್ಗಕ್ಕೆ ಸಿಗುವ ಹಳೆಯ ಆಫೀಸ್ ಪಿಸಿಗಳು ಇಲ್ಲೇ ಎಡವುತ್ತವೆ.

ಗ್ರಾಫಿಕ್ಸ್ ಕಾರ್ಡ್ ಎಷ್ಟು ದೊಡ್ಡದು ಬೇಕು?

ಇದು ನೀವು ಬಳಸುವ ಸಾಫ್ಟ್‌ವೇರ್ ಮೇಲೆ ನಿಂತಿದೆ. ಡಾವಿಂಚಿ ರಿಸಾಲ್ವ್ ಬಣ್ಣ ತಿದ್ದುವುದು, ನಾಯ್ಸ್ ತೆಗೆಯುವುದು ಮುಂತಾದ ಕೆಲಸಗಳಿಗೆ ಗ್ರಾಫಿಕ್ಸ್ ಕಾರ್ಡನ್ನೇ ಹೆಚ್ಚು ಅವಲಂಬಿಸುತ್ತದೆ. ಕತ್ತರಿಸಿ, ಜೋಡಿಸಿ, ಶೀರ್ಷಿಕೆ ಹಾಕುವುದಷ್ಟೇ ನಿಮ್ಮ ಕೆಲಸವಾದರೆ ಮಧ್ಯಮ ದರ್ಜೆಯ ಕಾರ್ಡ್ ಸಾಕು. ಕಾರ್ಡ್ ಆರಿಸುವಾಗ ಅದರೊಳಗಿನ ಮೆಮೊರಿಯನ್ನೂ ನೋಡಿ. 4ಕೆ ಕೆಲಸಕ್ಕೆ 8 ಜಿಬಿ ಆರಂಭದ ಮಟ್ಟ ಎಂದುಕೊಳ್ಳಬಹುದು. ಎಫೆಕ್ಟ್‌ಗಳು ಹೆಚ್ಚಾದಂತೆ 12 ಅಥವಾ 16 ಜಿಬಿ ಇದ್ದರೆ ನಿರಾಳ.

ಸೋನಿ, ಕ್ಯಾನನ್‌ನ ಹಲವು ಮಿರರ್‌ಲೆಸ್ ಕ್ಯಾಮೆರಾಗಳು ‘10 ಬಿಟ್ 4:2:2’ ಎಂಬ, ಬಣ್ಣದ ವಿವರ ಹೆಚ್ಚಿರುವ ಎಚ್.265 ಫೂಟೇಜ್ ಕೊಡುತ್ತವೆ. ಎನ್‌ವಿಡಿಯಾ ಕಾರ್ಡ್‌ಗಳಲ್ಲಿ ಇದನ್ನು ಬಿಡಿಸುವ ಯಂತ್ರಾಂಶ ಬಂದದ್ದು 2025ರ ಆರ್‌ಟಿಎಕ್ಸ್ 50 ಸರಣಿಯಿಂದ. ಅದಕ್ಕಿಂತ ಹಳೆಯ ಸರಣಿಯ ದುಬಾರಿ ಕಾರ್ಡ್ ಕೊಂಡರೂ ಈ ಫೂಟೇಜ್ ತಡವರಿಸಬಹುದು. ಇಂಟೆಲ್‌ನ ಕ್ವಿಕ್ ಸಿಂಕ್ ಅದನ್ನೇ ಸಲೀಸಾಗಿ ಆಡಿಸಬಹುದು. ನಿಮ್ಮ ಕ್ಯಾಮೆರಾದ್ದೇ ಒಂದು ಕ್ಲಿಪ್ ಪೆನ್‌ಡ್ರೈವ್‌ನಲ್ಲಿ ಒಯ್ದು, ಸಾಧ್ಯವಾದರೆ ಅಂಗಡಿಯಲ್ಲೇ ಆಡಿಸಿ ನೋಡಿ.

ರ‍್ಯಾಮ್: ದರ ಏರಿದೆ, ಆದರೂ ಜಿಪುಣತನ ಬೇಡ

ಅಡೋಬಿಯ ಶಿಫಾರಸು ಎಚ್‌ಡಿ ವಿಡಿಯೊಗೆ 16 ಜಿಬಿ, 4ಕೆಗೆ 32 ಜಿಬಿ ಅಥವಾ ಹೆಚ್ಚು. ರಿಸಾಲ್ವ್‌ನಲ್ಲಿ ಫ್ಯೂಷನ್ ಎಫೆಕ್ಟ್ ಬಳಸುವವರಿಗೂ 32 ಜಿಬಿ ಬೇಕೆಂಬುದು ಅದರ ತಯಾರಕರ ಮಾತು. ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ 2025ರ ಕೊನೆಯಲ್ಲಿ ಮೆಮೊರಿ ದರ ತೀವ್ರವಾಗಿ ಏರಿತು. ಗ್ರಾಹಕರಿಗೆ ರ‍್ಯಾಮ್, ಎಸ್‌ಎಸ್‌ಡಿ ಮಾರುತ್ತಿದ್ದ ‘ಕ್ರೂಷಿಯಲ್’ ವ್ಯವಹಾರದಿಂದಲೇ ಹೊರಬರುವುದಾಗಿ ಮೈಕ್ರಾನ್ ಆ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಹೀಗಾಗಿ ಹಳೆಯ ಯೂಟ್ಯೂಬ್ ವಿಡಿಯೊಗಳಲ್ಲಿ ಹೇಳುವ ದರಪಟ್ಟಿ ನಂಬಿ ಬಜೆಟ್ ಹಾಕಬೇಡಿ. ಹಣ ಸಾಲದಿದ್ದರೆ 16 ಜಿಬಿಯ ಒಂದೇ ಸ್ಟಿಕ್ ಹಾಕಿಸಿ, ಮದರ್‌ಬೋರ್ಡ್‌ನಲ್ಲಿ ಖಾಲಿ ಸ್ಲಾಟ್ ಉಳಿಸಿಕೊಳ್ಳಿ. ವೇಗ ತುಸು ಕಡಿಮೆಯಾದರೂ ಮುಂದೆ ಇನ್ನೊಂದು ಸೇರಿಸಬಹುದು.

ಸ್ಟೋರೇಜ್: ಒಂದು ಕಛೇರಿಗೆ ಎಷ್ಟು ಜಾಗ?

ಸೆಕೆಂಡಿಗೆ 100 ಮೆಗಾಬಿಟ್ ವೇಗದಲ್ಲಿ ದಾಖಲಿಸುವ ಕ್ಯಾಮೆರಾ ಗಂಟೆಗೆ 45 ಜಿಬಿ ತುಂಬಿಸುತ್ತದೆ. ಎರಡು ಗಂಟೆಯ ಕಛೇರಿಯನ್ನು ಮೂರು ಕ್ಯಾಮೆರಾಗಳಲ್ಲಿ ಸೆರೆಹಿಡಿದರೆ 270 ಜಿಬಿ. ಒಂದು ಸೀಸನ್‌ನಲ್ಲಿ ಇಂಥ 10 ಕಾರ್ಯಕ್ರಮ ಮಾಡಿದರೆ 2.7 ಟಿಬಿ. ಇನ್ನೊಂದು ಪ್ರತಿ ಇಟ್ಟುಕೊಂಡರೆ 5.4 ಟಿಬಿ. ಡೆಸ್ಕ್‌ಟಾಪ್ ಜೊತೆ ಬರುವ 512 ಜಿಬಿ ಎಸ್‌ಎಸ್‌ಡಿ ಇಂಥ ಎರಡನೇ ಕಾರ್ಯಕ್ರಮಕ್ಕೇ ತುಂಬಿಹೋಗುತ್ತದೆ.

ಆದ್ದರಿಂದ ಸ್ಟೋರೇಜನ್ನು ಮೂರು ಭಾಗ ಮಾಡಿ. ವಿಂಡೋಸ್, ಸಾಫ್ಟ್‌ವೇರ್‌ಗೆ ಒಂದು ಎಸ್‌ಎಸ್‌ಡಿ. ಸದ್ಯ ನಡೆಯುತ್ತಿರುವ ಕೆಲಸಕ್ಕೆ 1 ಅಥವಾ 2 ಟಿಬಿಯ ಇನ್ನೊಂದು ಎನ್‌ವಿಎಮ್‌ಇ ಎಸ್‌ಎಸ್‌ಡಿ. ಮುಗಿದ ಕೆಲಸಕ್ಕೆ ಹಾರ್ಡ್ ಡಿಸ್ಕ್. ಬ್ಯಾಕಪ್‌ಗೆ 3-2-1 ಎಂಬ ಸೂತ್ರವಿದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಅದರಲ್ಲಿ ಒಂದು ಬೇರೆ ಜಾಗದಲ್ಲಿ. ನದಿ ಪಕ್ಕದ ನೆಲಮಹಡಿಯಲ್ಲಿ ಕೆಲಸ ಮಾಡುವವರಿಗೆ ಆ ‘ಬೇರೆ ಜಾಗ’ ಎಂಬುದು ಬರೀ ಪಠ್ಯಪುಸ್ತಕದ ಮಾತಲ್ಲ. ಒಂದು ಎಕ್ಸ್‌ಟರ್ನಲ್ ಡಿಸ್ಕನ್ನು ಮೇಲಿನ ಮಹಡಿಯ ಸ್ನೇಹಿತರ ಮನೆಯಲ್ಲೋ ಊರಿನಲ್ಲೋ ಇಡಿ.

ಕರೆಂಟ್, ನೀರು, ಉಪ್ಪುಗಾಳಿ

ಯುಪಿಎಸ್ ಮೇಲಿನ ವಿಎ ಸಂಖ್ಯೆ ನೋಡಿ ಮೋಸಹೋಗಬೇಡಿ, ವ್ಯಾಟ್ ಎಷ್ಟೆಂದು ಕೇಳಿ. 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಮಾತ್ರ ಕೊಡುತ್ತದೆ. ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇರುವ ಪಿಸಿ ಎಕ್ಸ್‌ಪೋರ್ಟ್ ಮಾಡುವಾಗ ಇದಕ್ಕಿಂತ ಹೆಚ್ಚು ಎಳೆಯಬಹುದು. ಕೆಲಸ ಉಳಿಸಿ ಶಟ್‌ಡೌನ್ ಮಾಡಲು ಹತ್ತು ನಿಮಿಷ ಸಿಕ್ಕರೂ ಸಾಕು. ಪವರ್ ಸಪ್ಲೈ ‘80 ಪ್ಲಸ್’ ಪ್ರಮಾಣಪತ್ರ ಇರುವಂಥದ್ದಾಗಿರಲಿ. ಮನೆಯ ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ಪರೀಕ್ಷಿಸಿಕೊಳ್ಳಿ.

ಬೆಸೆಂಟ್ ನಗರದ ಕಡಲತೀರ ಅಡ್ಯಾರ್‌ಗೆ ಹತ್ತಿರ. ಉಪ್ಪು ಬೆರೆತ ತೇವಾಂಶದ ಗಾಳಿ ಲೋಹದ ಭಾಗಗಳಿಗೆ ತುಕ್ಕು ಹಿಡಿಸುತ್ತದೆ. ಕ್ಯಾಬಿನೆಟ್ ಕಿಟಕಿಯ ಪಕ್ಕ ಇಡಬೇಡಿ, ನೆಲದ ಮೇಲಂತೂ ಬೇಡವೇ ಬೇಡ. ಮೇ ತಿಂಗಳ ಸೆಕೆಯಲ್ಲಿ ಬಿಸಿಯಾದ ಪ್ರೊಸೆಸರ್ ತನ್ನ ವೇಗ ತಾನೇ ತಗ್ಗಿಸಿಕೊಳ್ಳುತ್ತದೆ. ಹೀಗಾಗಿ ಒಳ್ಳೆಯ ಕೂಲರ್, ಗಾಳಿಯಾಡುವ ಕ್ಯಾಬಿನೆಟ್ ಶೋಕಿಯಲ್ಲ. ಬಣ್ಣದ ದೀಪಗಳು ಶೋಕಿ.

ಮಾನಿಟರ್ ಮತ್ತು ಮ್ಯಾಕ್ ಮಿನಿ

ಬಣ್ಣ ಸರಿಯಾಗಿ ಕಾಣದಿದ್ದರೆ ವಧುವಿನ ರೇಷ್ಮೆ ಸೀರೆಯ ಕೆಂಪು ನಿಮ್ಮ ಪರದೆಯಲ್ಲಿ ಒಂದು, ಅವರ ಮನೆಯ ಟಿವಿಯಲ್ಲಿ ಇನ್ನೊಂದು. ಐಪಿಎಸ್ ಪ್ಯಾನೆಲ್, ಪೂರ್ಣ ಎಸ್‌ಆರ್‌ಜಿಬಿ ವ್ಯಾಪ್ತಿ ಇರುವ ಮಾನಿಟರ್ ಆರಿಸಿ. ಎಡಿಟಿಂಗ್‌ಗೆ 144 ಹರ್ಟ್ಜ್ ರಿಫ್ರೆಶ್ ದರ ಅನಗತ್ಯ.

ಆಪಲ್‌ನ ಎಮ್4 ಮ್ಯಾಕ್ ಮಿನಿ 2024ರ ಕೊನೆಯಲ್ಲಿ 59,900 ರೂಪಾಯಿಗೆ ಭಾರತಕ್ಕೆ ಬಂತು. ಆರಂಭಿಕ ಮಾದರಿಯಲ್ಲಿ 16 ಜಿಬಿ ರ‍್ಯಾಮ್, 256 ಜಿಬಿ ಸ್ಟೋರೇಜ್ ಇದೆ. ಎಚ್.265, ಪ್ರೊರೆಸ್ ಎರಡನ್ನೂ ಅದು ಸಲೀಸಾಗಿ ಆಡಿಸುತ್ತದೆ, ವಿದ್ಯುತ್ ಬಳಕೆ ಕಡಿಮೆಯಾದ್ದರಿಂದ ಸಣ್ಣ ಯುಪಿಎಸ್ ಸಾಕು. ಆದರೆ ರ‍್ಯಾಮ್ ಆಮೇಲೆ ಹೆಚ್ಚಿಸಲು ಬರುವುದಿಲ್ಲ. ಮಾನಿಟರ್, ಕೀಬೋರ್ಡ್, ಎಕ್ಸ್‌ಟರ್ನಲ್ ಎಸ್‌ಎಸ್‌ಡಿ ಖರ್ಚೂ ಬೇರೆ.

ರಿಚ್ಚಿ ಸ್ಟ್ರೀಟ್‌ಗೆ ಹೋದಾಗ

ಬೆಂಗಳೂರಿಗೆ ಎಸ್‌ಪಿ ರೋಡ್ ಹೇಗೋ ಚೆನ್ನೈಗೆ ಅಣ್ಣಾ ಸಾಲೈ ಪಕ್ಕದ ರಿಚ್ಚಿ ಸ್ಟ್ರೀಟ್ ಹಾಗೆ. ಬಿಡಿಭಾಗಗಳ ಪಟ್ಟಿ ಬರೆದುಕೊಂಡು ಹೋಗಿ, ಮೂರು ಅಂಗಡಿಗಳಲ್ಲಾದರೂ ಲಿಖಿತ ಕೊಟೇಶನ್ ಪಡೆಯಿರಿ, ಆನ್‌ಲೈನ್ ದರದೊಂದಿಗೆ ಹೋಲಿಸಿ. ‘ಬಿಲ್ ಬೇಡ ಅಂದರೆ ಕಡಿಮೆ ಮಾಡ್ತೀವಿ’ ಎಂಬ ಮಾತಿಗೆ ಮರುಳಾಗಬೇಡಿ. ಬಿಡಿಭಾಗಗಳ ವಾರಂಟಿ ಬೇರೆ ಬೇರೆ ಅವಧಿಯದ್ದು, ಬಿಲ್ ಇಲ್ಲದಿದ್ದರೆ ವಾರಂಟಿ ಕೇಳುವುದೇ ಕಷ್ಟ. ಜಿಎಸ್‌ಟಿ ಬಿಲ್‌ನಲ್ಲಿ ಪ್ರತಿ ಭಾಗದ ಮಾದರಿ, ಸೀರಿಯಲ್ ನಂಬರ್ ಇರಲಿ. ವಾರಂಟಿ ಭಾರತದಲ್ಲಿ ಅನ್ವಯಿಸುತ್ತದೆಯೇ, ಸರ್ವಿಸ್ ಸೆಂಟರ್ ಊರಲ್ಲೇ ಇದೆಯೇ ಎಂದೂ ಕೇಳಿ.

ಡೆಸ್ಕ್‌ಟಾಪ್ ಮೇಲಿನ ಜಿಎಸ್‌ಟಿ ಶೇ 18. 32 ಇಂಚಿಗಿಂತ ದೊಡ್ಡ ಮಾನಿಟರ್‌ಗಳ ಮೇಲೆ ಶೇ 28 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ ಶೇ 18ಕ್ಕೆ ಇಳಿದಿದೆ. ನಿಮ್ಮ ವ್ಯವಹಾರಕ್ಕೆ ಜಿಎಸ್‌ಟಿ ನೋಂದಣಿ ಇದ್ದರೆ ಇನ್‌ಪುಟ್ ಕ್ರೆಡಿಟ್ ಬಗ್ಗೆ ಆಡಿಟರ್ ಬಳಿ ವಿಚಾರಿಸಿ. ಅಂಗಡಿಯವರು ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಹಣ ಸಾಲದಿದ್ದರೆ ಏನನ್ನು ಬಿಡಬಹುದು?

ದೊಡ್ಡ ಗ್ರಾಫಿಕ್ಸ್ ಕಾರ್ಡ್, ಎರಡನೇ ಮಾನಿಟರ್, ಹೆಚ್ಚುವರಿ ರ‍್ಯಾಮ್ ಮುಂದಿನ ವರ್ಷಕ್ಕೆ ಕಾಯಬಲ್ಲವು. ಅವಿಲ್ಲದಿದ್ದರೆ ಕೆಲಸ ನಿಧಾನವಾಗುತ್ತದೆ, ಅಷ್ಟೇ. ಯುಪಿಎಸ್ ಮತ್ತು ಬ್ಯಾಕಪ್ ಡಿಸ್ಕ್ ಕಾಯುವಂಥವಲ್ಲ. ಎಕ್ಸ್‌ಪೋರ್ಟ್ ಅರ್ಧ ಗಂಟೆ ತಡವಾದರೆ ಗ್ರಾಹಕರು ಸಹಿಸಿಕೊಂಡಾರು, ಮಗಳ ಮದುವೆಯ ವಿಡಿಯೊ ಕಳೆದುಹೋಯಿತು ಎಂದರೆ ಅವರಿಗೆ ಏನೆಂದು ಹೇಳುವುದು? ಕೊಟೇಶನ್‌ನ ಮೊದಲ ಸಾಲಿನಲ್ಲಿ ಈ ಎರಡನ್ನು ಬರೆಸಿ, ಉಳಿದ ಹಣಕ್ಕೆ ಕಂಪ್ಯೂಟರ್ ಆರಿಸಿ.