ನಡುವಯಸ್ಸಿನ ಅಂಗಸಾಧನೆ: ಹಳೆಯ ಪೆಟ್ಟುಗಳೂ ಜೇಜುರಿಯ ಮೆಟ್ಟಿಲುಗಳೂ

ಪುಣೆಯಿಂದ ಆಗ್ನೇಯಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿ, ಪುರಂದರ ತಾಲೂಕಿನ ಗುಡ್ಡವೊಂದರ ಮೇಲೆ ಜೇಜುರಿಯ ಖಂಡೋಬನ ಗುಡಿ ಇದೆ. ಕನ್ನಡಿಗರಿಗೆ ಈ ದೈವ ಹೊರಗಿನದಲ್ಲ. ಹೂವಿನಹಡಗಲಿ ತಾಲೂಕಿನ ಮೈಲಾರದಲ್ಲಿಯೂ ರಾಣೇಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿಯೂ ಮೈಲಾರಲಿಂಗನೆಂದು ಪೂಜೆಗೊಳ್ಳುವವನೇ ಇಲ್ಲಿ ಖಂಡೋಬ, ಮಲ್ಹಾರಿ ಎಂಬ ಹೆಸರುಗಳಿಂದ ನೆಲಸಿದ್ದಾನೆ. ಅಲ್ಲಿಯ ‘ಏಳು ಕೋಟಿ’ ಎಂಬ ಘೋಷ ಇಲ್ಲಿ ‘ಯೇಳಕೋಟ್ ಯೇಳಕೋಟ್ ಜಯ ಮಲ್ಹಾರ್’ ಎಂದು ಮೊಳಗುತ್ತದೆ. ಎರಡೂ ಕಡೆ ಭಂಡಾರವೆಂದರೆ ಅರಿಸಿನವೇ. ಮೈಲಾರನ ಒಕ್ಕಲಾದ ಕನ್ನಡ ಮನೆತನಗಳಿಗೆ ಜೇಜುರಿಯೂ ಸ್ವಂತ ಕ್ಷೇತ್ರವೇ ಸರಿ.

ಗುಡಿಯನ್ನು ತಲುಪಲು ಕಲ್ಲಿನ ಕಮಾನುಗಳ ಕೆಳಗೆ, ದೀಪಮಾಲೆಗಳ ನಡುವೆ ಕೆಲವು ನೂರು ಮೆಟ್ಟಿಲುಗಳನ್ನು ಏರಬೇಕು. ಹಳೆಯ ಗುಡಿಯಿರುವ ಕಡೆಪಠಾರಕ್ಕೆ ಹೋಗುವವರಿಗೆ ಇನ್ನೂ ದೀರ್ಘವಾದ ಏರು. ಹೊಸದಾಗಿ ಮದುವೆಯಾದ ವರನು ವಧುವನ್ನು ಎತ್ತಿಕೊಂಡು ಕೆಲವು ಮೆಟ್ಟಿಲುಗಳನ್ನಾದರೂ ಏರುವುದು ಇಲ್ಲಿಯ ವಾಡಿಕೆ. ಇಪ್ಪತ್ತೈದರ ಹರೆಯದಲ್ಲಿ ಹೀಗೆ ಏರಿದವನೇ ಐವತ್ತರಲ್ಲಿ ಬಂದಾಗ ಬರಿಗೈಯಲ್ಲಿ ಏರಲೂ ಹಿಂಜರಿಯುತ್ತಾನೆ. ಕಾಲೇಜಿನ ಕಬಡ್ಡಿಯಲ್ಲಿ ತಿರುಚಿದ ಮೊಣಕಾಲು, ಸ್ಕೂಟರಿನಿಂದ ಬಿದ್ದಾಗ ನೊಂದ ಭುಜ, ಗ್ಯಾಸ್ ಸಿಲಿಂಡರ್ ಎತ್ತುವಾಗ ಹಿಡಿದ ಸೊಂಟ, ಇವುಗಳಲ್ಲಿ ಯಾವುದಾದರೊಂದು ಅಡ್ಡ ಬರುತ್ತದೆ. ಆಗ ಕೆಲವರು ‘ಇನ್ನು ನಮ್ಮಿಂದಾಗದು’ ಎಂದು ಕೆಳಗೇ ಕೈಮುಗಿಯುತ್ತಾರೆ. ಕೆಲವರು ಹಟದಿಂದ ಒಂದೇ ಉಸಿರಿಗೆ ಏರಿ ಮರುದಿನ ಹಾಸಿಗೆ ಹಿಡಿಯುತ್ತಾರೆ. ಇವೆರಡೂ ತಪ್ಪು ದಾರಿಗಳು. ಹಳೆಯ ಪೆಟ್ಟು ಸಾಧನೆಯನ್ನು ಬಿಡಲು ಕಾರಣವಲ್ಲ, ಅಳತೆಯಿಟ್ಟು ಸಾಧಿಸಲು ಕಾರಣ.

ಹಳೆಯ ಪೆಟ್ಟಿನ ಸ್ವಭಾವ

ಮೂಳೆ ಮುರಿದರೆ ಬಹುಮಟ್ಟಿಗೆ ಕೆಲವೇ ತಿಂಗಳುಗಳಲ್ಲಿ ಕೂಡಿಕೊಳ್ಳುತ್ತದೆ. ಆದರೆ ಮಾಂಸಖಂಡವನ್ನು ಮೂಳೆಗೆ ಕಟ್ಟುವ ಹುರಿಗಳಿಗೂ ಮೂಳೆಯನ್ನು ಮೂಳೆಗೆ ಬಿಗಿಯುವ ಪಟ್ಟಿಗಳಿಗೂ ರಕ್ತಸಂಚಾರ ಕಡಿಮೆ. ಅವು ನಿಧಾನವಾಗಿ ಮಾಯುತ್ತವೆ. ಕೀಲುಗಳ ತುದಿಗೆ ಹೊದಿಕೆಯಾಗಿರುವ ಮೃದ್ವಸ್ಥಿಗೆ ರಕ್ತನಾಳಗಳೇ ಇಲ್ಲ. ಕೀಲು ಅಲುಗಾಡಿದಾಗ ಅದರೊಳಗಿನ ದ್ರವವು ಒತ್ತಿ ಹೀರಲ್ಪಟ್ಟು ಮೃದ್ವಸ್ಥಿಗೆ ಆಹಾರ ಒದಗುತ್ತದೆ. ಚಲನೆಯೇ ಅದರ ಊಟ. ಕೀಲನ್ನು ಸದಾ ಸುಮ್ಮನಿರಿಸುವುದೆಂದರೆ ಅದನ್ನು ಉಪವಾಸವಿರಿಸಿದಂತೆ.

ಇನ್ನೊಂದು ಸಂಗತಿಯನ್ನು ಬಹಳ ಜನ ಗಮನಿಸಿರುವುದಿಲ್ಲ. ಮೊಣಕಾಲು ನೊಂದು ಬಾತಾಗ ತೊಡೆಯ ಮುಂಭಾಗದ ಮಾಂಸಖಂಡಕ್ಕೆ ನರಗಳಿಂದ ಬರುವ ಆಜ್ಞೆಯೇ ಕುಗ್ಗುತ್ತದೆ. ಕೆಲವೇ ವಾರಗಳಲ್ಲಿ ತೊಡೆ ಕಣ್ಣಿಗೆ ಕಾಣುವಂತೆ ಸಣ್ಣದಾಗಬಹುದು. ನೋವು ಹೋದ ಮೇಲೂ ಆ ಬಲ ತಾನಾಗಿ ಮರಳುವುದಿಲ್ಲ. ಬಲವಿಲ್ಲದ ತೊಡೆ ಹೊರಬೇಕಾದ ಭಾರವನ್ನು ಕೀಲು ಹೊರುತ್ತದೆ, ಕೀಲು ನೋಯುತ್ತದೆ, ನೋವಿಗೆ ಹೆದರಿ ನಡಿಗೆ ಇನ್ನಷ್ಟು ಕಡಿಮೆಯಾಗುತ್ತದೆ. ಹತ್ತಿಪ್ಪತ್ತು ವರ್ಷ ಹೀಗೆ ಸುತ್ತಿದ ಚಕ್ರವನ್ನು ಜನ ‘ವಯಸ್ಸಾಯಿತು’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ.

ವಯಸ್ಸಿನ ಪಾಲೂ ಉಂಟು. ಸಾಧನೆಯಿಲ್ಲದ ದೇಹದಲ್ಲಿ ಮೂವತ್ತು ದಾಟಿದ ಮೇಲೆ ಪ್ರತಿ ಹತ್ತು ವರ್ಷಗಳಿಗೆ ಮಾಂಸಖಂಡವು ಸುಮಾರು ಶೇಕಡಾ 3ರಿಂದ 8ರಷ್ಟು ಕರಗುತ್ತದೆ. ಆದರೆ ಭಾರ ಹೊರುವ ವ್ಯಾಯಾಮಕ್ಕೆ ಮಾಂಸಖಂಡವು ಎಂಬತ್ತರ ವಯಸ್ಸಿನಲ್ಲಿಯೂ ಸ್ಪಂದಿಸಿ ಬಲಗೊಳ್ಳುತ್ತದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆ ಮನುಷ್ಯನ ಮೈಗೆ ಪೂರ್ತಿಯಾಗಿ ಅನ್ವಯಿಸದು.

ಪೆಟ್ಟಾದ ಅಂಗಕ್ಕೆ ಭಾರವೇ ಮದ್ದಾಗಬಲ್ಲದೆಂಬ ವಿಚಾರ ಹೊಸದಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯದ ವೈದ್ಯ ಥಾಮಸ್ ಡಿಲಾರ್ಮ್ ಎಂಬವರು ಮೊಣಕಾಲು ನೊಂದ ಸೈನಿಕರಿಗೆ ಹಗುರ ಚಲನೆಗಳ ಬದಲು ತೂಕವನ್ನು ಎತ್ತಿಸಿ, ಅದನ್ನು ಹಂತಹಂತವಾಗಿ ಏರಿಸುವ ಪದ್ಧತಿಯನ್ನು ರೂಪಿಸಿ 1945ರಲ್ಲಿ ಪ್ರಕಟಿಸಿದರು. ಇಂದಿನ ಭೌತಚಿಕಿತ್ಸೆಯ ಒಂದು ಮುಖ್ಯ ಬೇರು ಅದು.

ಪುಣೆಯ ಕನ್ನಡಿಗರೊಬ್ಬರ ನಿದರ್ಶನ

ಇದಕ್ಕೆ ಪುಣೆಯಲ್ಲಿಯೇ ಒಂದು ಉಜ್ವಲ ಉದಾಹರಣೆ ದೊರೆಯುತ್ತದೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಜನಿಸಿದ ಬಿ. ಕೆ. ಎಸ್. ಅಯ್ಯಂಗಾರರು 1937ರಲ್ಲಿ ಯೋಗ ಕಲಿಸಲು ಪುಣೆಗೆ ಬಂದು ಇಲ್ಲಿಯೇ ನೆಲಸಿದರು. ಬಾಲ್ಯದಲ್ಲಿ ಕ್ಷಯ, ಮಲೇರಿಯ ಮುಂತಾದ ರೋಗಗಳಿಂದ ಬಡವಾಗಿದ್ದ ದೇಹವದು. 1966ರಲ್ಲಿ ‘ಲೈಟ್ ಆನ್ ಯೋಗ’ ಗ್ರಂಥವು ಪ್ರಕಟವಾಗಿ ಅವರ ಹೆಸರು ಜಗತ್ತಿಗೆ ತಿಳಿಯಿತು. 1975ರಲ್ಲಿ ರಮಾಮಣಿ ಅಯ್ಯಂಗಾರ್ ಸ್ಮಾರಕ ಯೋಗ ಸಂಸ್ಥೆ ಪುಣೆಯಲ್ಲಿ ಆರಂಭವಾಯಿತು. 1979ರಲ್ಲಿ, ಅರವತ್ತರ ಹೊಸ್ತಿಲಲ್ಲಿ, ಸ್ಕೂಟರ್ ಅಪಘಾತದಿಂದ ಅವರ ಬೆನ್ನು ಭುಜಗಳಿಗೆ ಪೆಟ್ಟಾಯಿತು. ಹಿಂದೆ ಲೀಲಾಜಾಲವಾಗಿ ಮಾಡುತ್ತಿದ್ದ ಆಸನಗಳು ಕೈಗೆಟುಕದಾದುವು.

ಅವರು ಅಭ್ಯಾಸವನ್ನು ಬಿಡಲಿಲ್ಲ. ಹಳೆಯ ಮಟ್ಟವನ್ನು ಒಮ್ಮೆಗೇ ಹಿಡಿಯಲೂ ಹೋಗಲಿಲ್ಲ. ಪ್ರಾರಂಭಿಕನಂತೆ ಮೊದಲ ಪಾಠಗಳಿಗೆ ಮರಳಿ, ವರ್ಷಗಳ ದುಡಿಮೆಯಿಂದ ಮತ್ತೆ ಮೇಲೆದ್ದರು. ಕುರ್ಚಿ, ಮರದ ಇಟ್ಟಿಗೆ, ಪಟ್ಟಿ, ಗೋಡೆಯ ಹಗ್ಗ, ಮಡಿಸಿದ ಕಂಬಳಿ, ಇವುಗಳ ಆಸರೆಯಿಂದ ಆಸನವನ್ನು ರೋಗಿಯ ಅಳತೆಗೆ ತರುವುದು ಅವರ ಪದ್ಧತಿಯ ವೈಶಿಷ್ಟ್ಯ. ತೊಂಬತ್ತು ದಾಟಿದ ಮೇಲೂ ಅವರ ಅಭ್ಯಾಸ ಸಾಗಿತ್ತು. 2014ರಲ್ಲಿ, 95ನೆಯ ವಯಸ್ಸಿನಲ್ಲಿ ಪುಣೆಯಲ್ಲಿ ನಿಧನರಾದರು. ಆಸರೆ ಹಿಡಿಯುವುದು ಸೋಲಲ್ಲ ಎಂಬುದೇ ಸಾಮಾನ್ಯ ಗೃಹಸ್ಥರು ಅವರಿಂದ ಕಲಿಯಬೇಕಾದ ಪಾಠ.

ಏರುವುದಕ್ಕಿಂತ ಇಳಿಯುವುದು ಕಷ್ಟ

ಸಮನೆಲದ ನಡಿಗೆಗಿಂತ ಮೆಟ್ಟಿಲಿನ ಮೇಲೆ ಮೊಣಕಾಲ ಚಿಪ್ಪಿನ ಹಿಂದೆ ಬೀಳುವ ಒತ್ತಡ ಹೆಚ್ಚು. ಅದು ದೇಹದ ತೂಕದ ಸುಮಾರು ಮೂರು ಪಟ್ಟಿನಷ್ಟಾಗುತ್ತದೆ. ಏರುವಾಗ ಉಸಿರು ಎಚ್ಚರಿಕೆ ಕೊಡುತ್ತದೆ. ದಣಿದವನು ತಾನಾಗಿ ನಿಲ್ಲುತ್ತಾನೆ. ಇಳಿಯುವಾಗ ಉಸಿರಿಗೆ ಆಯಾಸವಿಲ್ಲ. ಆದರೆ ತೊಡೆಯ ಮಾಂಸಖಂಡವು ಉದ್ದವಾಗುತ್ತಲೇ ದೇಹವನ್ನು ಹಿಡಿದು ನಿಲ್ಲಿಸುವ ಬ್ರೇಕಿನ ಕೆಲಸ ಮಾಡಬೇಕು. ಅಭ್ಯಾಸವಿಲ್ಲದ ಖಂಡಕ್ಕೆ ಅತಿ ಹೆಚ್ಚು ನೋವು ತರುವ ಕೆಲಸವಿದು. ಆ ನೋವು ಒಂದೆರಡು ದಿನಗಳ ಬಳಿಕ ತಾರಕಕ್ಕೇರುತ್ತದೆ. ಜೇಜುರಿಯಿಂದ ಮರಳಿದ ಎರಡನೆಯ ದಿನ ಕಾಲು ಹಿಡಿದುಕೊಳ್ಳುವುದು ಈ ಕಾರಣದಿಂದ.

ಸಾಧನೆ ಆರಂಭಿಸಿದವರಿಗೆ ಇನ್ನೊಂದು ಮೋಸವೂ ಕಾದಿರುತ್ತದೆ. ಉಸಿರು ಕೆಲವೇ ವಾರಗಳಲ್ಲಿ ಪಳಗುತ್ತದೆ. ಮಾಂಸಖಂಡ ಎರಡು ಮೂರು ತಿಂಗಳುಗಳಲ್ಲಿ ಬಲಿಯುತ್ತದೆ. ಹುರಿಗಳಿಗೆ ಅದಕ್ಕಿಂತಲೂ ಹೆಚ್ಚು ಕಾಲ ಬೇಕು. ಉಸಿರಿನ ಹುರುಪನ್ನು ನಂಬಿ ದೂರವನ್ನು ಇಮ್ಮಡಿಗೊಳಿಸಿದಾಗ ಹಳೆಯ ಪೆಟ್ಟು ಮರುಕಳಿಸುತ್ತದೆ. ದಸರೆಯಲ್ಲಿ ಜೇಜುರಿಯ ತರುಣರು ಸುಮಾರು 42 ಕಿಲೋಗ್ರಾಂ ತೂಕದ ಖಡ್ಗವನ್ನು ಎತ್ತಿ ಹಿಡಿಯುವ ಸ್ಪರ್ಧೆ ನಡೆಯುತ್ತದೆ. ನೋಡುವವರಿಗೆ ಕಾಣುವುದು ಎತ್ತಿದ ಕ್ಷಣ ಮಾತ್ರ. ಅದರ ಹಿಂದಿನ ತಿಂಗಳುಗಳ ಅಭ್ಯಾಸ ಕಾಣುವುದಿಲ್ಲ.

ಹನ್ನೆರಡು ವಾರಗಳ ಸಿದ್ಧತೆ

ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮ, ಜೊತೆಗೆ ಕನಿಷ್ಠ ಎರಡು ದಿನ ಮಾಂಸಖಂಡಗಳನ್ನು ಬಲಪಡಿಸುವ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸೂಚಿಸಿತು. ಮನೆಯಲ್ಲಿಯೇ ಇದನ್ನು ಹೀಗೆ ಕ್ರಮಪಡಿಸಬಹುದು.

1. ಮೊದಲ ನಾಲ್ಕು ವಾರ: ದಿನವೂ 20ರಿಂದ 30 ನಿಮಿಷ ಸಮನೆಲದ ನಡಿಗೆ. ದಿನ ಬಿಟ್ಟು ದಿನ, ಎತ್ತರದ ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು 8–10 ಸಲ; ಗೋಡೆ ಹಿಡಿದು ಹಿಮ್ಮಡಿ ಎತ್ತುವುದು 10 ಸಲ; ಅಂಗಾತ ಮಲಗಿ ಮೊಣಕಾಲು ಮಡಿಸಿ ಸೊಂಟವನ್ನು ಮೇಲೆತ್ತುವುದು 10 ಸಲ. ಇವನ್ನು ಎರಡು ಸುತ್ತು ಮಾಡಬೇಕು.

2. ಐದರಿಂದ ಎಂಟನೆಯ ವಾರ: ಕುರ್ಚಿ ತಗ್ಗಾಗಲಿ. ಸುಮಾರು 15 ಸೆಂಟಿಮೀಟರ್ ಎತ್ತರದ ಒಂದೇ ಮೆಟ್ಟಿಲನ್ನು ಪ್ರತಿ ಕಾಲಿನಿಂದ 10 ಸಲ ಏರಿ, ಮೂರು ಎಣಿಸುತ್ತ ನಿಧಾನವಾಗಿ ಇಳಿಯಬೇಕು. ಇಳಿತದ ಈ ಅಭ್ಯಾಸವೇ ಇಡೀ ಸಿದ್ಧತೆಯ ಸಾರ.

3. ಒಂಬತ್ತರಿಂದ ಹನ್ನೆರಡನೆಯ ವಾರ: ಪುಣೆಯಲ್ಲಿರುವವರಿಗೆ ಪರ್ವತಿ ಗುಡ್ಡದ 103 ಮೆಟ್ಟಿಲುಗಳಿವೆ. ಮೊದಲು ವಾರಕ್ಕೊಮ್ಮೆ ನಿಂತು ನಿಂತು ಏರಿ, ನಂತರ ವಾರಕ್ಕೆರಡು ಸಲ ಏರಿದರೆ ಜೇಜುರಿ ಅಪರಿಚಿತವಾಗಿ ತೋರದು.

ನೊಂದ ಅಂಗಕ್ಕೆ ತಕ್ಕಂತೆ ವ್ಯಾಯಾಮವನ್ನು ಮಾರ್ಪಡಿಸಬೇಕು. ಭುಜದ ನೋವಿದ್ದವರು ನೆಲದ ದಂಡದ ಬದಲು ಗೋಡೆಗೆ ಕೈಯೂರಿ ದಂಡ ಹೊಡೆಯಬಹುದು. ಮೊಣಕಾಲಿನವರು ಪೂರ್ಣ ಬಸ್ಕಿಯನ್ನು ಬಿಟ್ಟು ನೋವಿಲ್ಲದಷ್ಟು ಮಾತ್ರ ಬಗ್ಗಬಹುದು. ಸೊಂಟದವರು ಚೀಲವನ್ನಾಗಲಿ ಮೊಮ್ಮಗುವನ್ನಾಗಲಿ ಎತ್ತುವಾಗ ಬೆನ್ನನ್ನು ನೇರವಾಗಿರಿಸಿ, ಭಾರವನ್ನು ಮೈಗೆ ಒತ್ತಿ ಹಿಡಿಯಬೇಕು. ಕಣಕಾಲು ಉಳುಕಿದ್ದವರಿಗೆ ಗೋಡೆಯ ಬಳಿ ಒಂಟಿ ಕಾಲಿನ ಮೇಲೆ ಅರ್ಧ ನಿಮಿಷ ನಿಲ್ಲುವ ಅಭ್ಯಾಸ ಒಳ್ಳೆಯದು. ಸ್ಥೂಲಕಾಯದವರು ಒಂದು ಕಿಲೋ ತೂಕ ಇಳಿಸಿದರೂ ನಡೆಯುವಾಗ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲೆ ಬೀಳುವ ಭಾರ ಸುಮಾರು ನಾಲ್ಕು ಕಿಲೋ ತಗ್ಗುತ್ತದೆಂಬುದನ್ನು ನೆನಪಿಡಬೇಕು.

ನೋವನ್ನು ಅಳೆಯುವ ಬಗೆ

ನೋವೇ ಇಲ್ಲದಿರಲೆಂದು ಕಾಯುವವರು ಎಂದೂ ಆರಂಭಿಸಲಾರರು. ಸೊನ್ನೆಯಿಂದ ಹತ್ತರ ಅಳತೆಯಲ್ಲಿ ಮೂರರೊಳಗಿನ ನೋವು ವ್ಯಾಯಾಮದ ವೇಳೆ ಕಾಣಿಸಿ, ಮರುದಿನ ಬೆಳಗ್ಗೆ ಮೊದಲಿನ ಮಟ್ಟಕ್ಕೆ ಇಳಿದರೆ ಮುಂದುವರಿಯಬಹುದು. ಮರುದಿನವೂ ಕೀಲು ಬಾತಿದ್ದರೆ ಅಥವಾ ನೋವು ಹೆಚ್ಚಿದ್ದರೆ ಪ್ರಮಾಣವನ್ನು ಅರ್ಧಕ್ಕಿಳಿಸಬೇಕು, ಪೂರ್ತಿಯಾಗಿ ನಿಲ್ಲಿಸಬೇಕಿಲ್ಲ.

ಆದರೆ ಕೀಲು ನಡುವೆ ಸಿಕ್ಕಿಕೊಳ್ಳುವುದು, ಕಾಲು ಹಠಾತ್ತನೆ ಕುಸಿಯುವುದು, ಕೀಲು ಬಿಸಿಯಾಗಿ ಬಾಯುವುದು, ನಿದ್ದೆಗೆಡಿಸುವ ನೋವು, ಇವುಗಳಿಗೆ ವೈದ್ಯರ ಪರೀಕ್ಷೆ ಅವಶ್ಯ. ಬೆನ್ನು ನೋವಿನೊಡನೆ ಕಾಲು ಜೋಮು ಹಿಡಿದು ಬಲಗುಂದಿದರೆ, ಮೂತ್ರದ ಹತೋಟಿ ತಪ್ಪಿದರೆ, ಒಡನೆಯೇ ಆಸ್ಪತ್ರೆಗೆ ಹೋಗಬೇಕು. ಏರುವಾಗ ಎದೆ ಬಿಗಿದು, ತೋಳಿಗೋ ದವಡೆಗೋ ನೋವು ಹರಿದು, ತಣ್ಣನೆಯ ಬೆವರು ಬಂದರೆ ಹರಕೆಗಿಂತ ಪ್ರಾಣ ದೊಡ್ಡದು. ಅಲ್ಲಿಯೇ ಕುಳಿತು ನೆರವು ಕೇಳಬೇಕು. ಮಧುಮೇಹ, ರಕ್ತದೊತ್ತಡ, ಧೂಮಪಾನದ ಅಭ್ಯಾಸವುಳ್ಳವರು ಸಿದ್ಧತೆಗೆ ಮುಂಚೆಯೇ ಹೃದಯದ ಪರೀಕ್ಷೆಯ ಬಗ್ಗೆ ವೈದ್ಯರ ಸಲಹೆ ಪಡೆಯುವುದು ಕ್ಷೇಮ.

ಮೆಟ್ಟಿಲೇರುವ ದಿನ

ಸೋಮವತಿ ಅಮಾವಾಸ್ಯೆ, ಚಂಪಾಷಷ್ಠಿಗಳಂದು ಜನಸಂದಣಿ ವಿಪರೀತ. ನಿಲ್ಲಬೇಕೆನಿಸಿದಾಗ ನಿಲ್ಲಲೂ ಆಗದು. ಹಳೆಯ ಪೆಟ್ಟಿರುವವರು ಬೇರೆ ದಿನವನ್ನು ಆರಿಸಿಕೊಂಡು, ಕಲ್ಲು ಕಾಯುವ ಮೊದಲೇ ಬೆಳಗಿನ ತಂಪಿನಲ್ಲಿ ಏರಬೇಕು. ಭಂಡಾರದ ಹುಡಿ ಬಿದ್ದ ನಯವಾದ ಕಲ್ಲು ಜಾರಬಹುದು. ಇಳಿಯುವಾಗ ಬದಿಯ ಆಸರೆಯನ್ನು ಬಿಡಬಾರದು. ಮೆಟ್ಟಿಲೇರುವಾಗ ಗಟ್ಟಿ ಕಾಲು ಮುಂದು, ಇಳಿಯುವಾಗ ನೊಂದ ಕಾಲು ಮುಂದು. ಊರುಗೋಲು ನೊಂದ ಕಾಲಿನ ಎದುರು ಬದಿಯ ಕೈಯಲ್ಲಿರಬೇಕು. ಮಧುಮೇಹಿಗಳು ಬರಿಗಾಲಿನಲ್ಲಿ ನಡೆದು ಬಂದ ಮೇಲೆ ಅಂಗಾಲುಗಳನ್ನು ತಪ್ಪದೆ ಪರೀಕ್ಷಿಸಿಕೊಳ್ಳಬೇಕು.

ದರ್ಶನ ಮುಗಿಸಿ ಮನೆಗೆ ಮರಳಿದೊಡನೆ ಸಾಧನೆಯನ್ನು ಕೈಬಿಟ್ಟರೆ ಗಳಿಸಿದ ಬಲ ಕೆಲವು ತಿಂಗಳುಗಳಲ್ಲಿ ಕರಗಿಹೋಗುತ್ತದೆ. ಆದರೆ ಗಳಿಸಿದ್ದನ್ನು ಉಳಿಸಿಕೊಳ್ಳಲು ಗಳಿಸುವಾಗಿನಷ್ಟು ಶ್ರಮ ಬೇಕಿಲ್ಲ. ವಾರಕ್ಕೆ ಒಂದೆರಡು ದಿನಗಳ ಅಭ್ಯಾಸವೂ ಬಹುಮಟ್ಟಿಗೆ ಸಾಕಾಗುತ್ತದೆ. ಹನಿಗೂಡಿದರೆ ಹಳ್ಳವೆಂಬಂತೆ ನಲವತ್ತೈದರಲ್ಲಿ ಕುರ್ಚಿಯಿಂದ ಎದ್ದು ಕೂತ ಹತ್ತು ಸಲಗಳು ಎಪ್ಪತ್ತರಲ್ಲಿ ಪರರ ಕೈ ಹಿಡಿಯದೆ ಏಳುವ ಶಕ್ತಿಯಾಗಿ ಒದಗುತ್ತವೆ.