ಹಳೆಯ ಸೋಲಾರ್ ಮುನಿಸಿಕೊಂಡಿದೆಯೇ?

ಮಾಗಿಯ ಚಳಿ. ಬೆಳಗಿನ ಆರು ಗಂಟೆ. ಬಚ್ಚಲಿನಿಂದ ಅತ್ತೆಯ ಕೂಗು: 'ಯವ್ವಾ, ನೀರು ತಣ್ಣಗ ಬರಾಕತ್ತಾವಲ್ಲ!' ಮೇಡ್ಲೇರಿಯಂಥ ಊರಿನಲ್ಲಿ ಮಾಳಿಗೆ ಮೇಲಿನ ಸೋಲಾರ್ ಕೈಕೊಟ್ಟರೆ ಮತ್ತೆ ಹಂಡೆ, ಹತ್ತಿಕಟ್ಟಿಗೆ, ಕಣ್ಣುರಿಸುವ ಹೊಗೆ. ಒಂದು ತಾಸು ಮುಂಚೆ ಏಳಬೇಕಾದವಳೂ ಮನೆಯ ಹೆಣ್ಣುಮಗಳೇ. ಮೆಕ್ಯಾನಿಕ್ ರಾಣೆಬೆನ್ನೂರಿನಿಂದ ಬರಬೇಕು. ಬಂದವನು 'ಭಾಳ ಹಳೇದಾತ್ರೀ, ಹೊಸಾದ ಹಾಕಸ್ರಿ' ಅಂದುಬಿಟ್ಟರೆ? ಗಾಬರಿ ಬೇಡ. ಅವನಿಗೆ ಫೋನ್ ಮಾಡುವ ಮೊದಲು ನೀವೇ ಕೆಲವನ್ನು ನೋಡಿಬಿಡಿ.

ಹೇಗೆ ಕೆಲಸ ಮಾಡುತ್ತದೆ?

ಇದರಲ್ಲಿ ಪಂಪ್ ಇಲ್ಲ. ಬಿಸಿಲಿಗೆ ಕಾದ ನೀರು ಹಗುರಾಗಿ ಪ್ಯಾನೆಲ್‌ನಿಂದ ಮೇಲಿನ ಟ್ಯಾಂಕಿಗೆ ಏರುತ್ತದೆ, ತಣ್ಣೀರು ಭಾರವಾಗಿ ಕೆಳಗಿಳಿಯುತ್ತದೆ. ದಿನವಿಡೀ ಇದೇ ಸುತ್ತಾಟ. ಈ ಹಾದಿಯಲ್ಲಿ ಎಲ್ಲಿ ಅಡ್ಡಿಯಾದರೂ ನೀರು ಕಾಯುವುದಿಲ್ಲ.

ನೀರೇ ಬರುತ್ತಿಲ್ಲವೇ?

ಬಿಸಿನೀರನ್ನು ಹೊರಗೆ ತಳ್ಳುವುದು ತಣ್ಣೀರು. ಮೇಲಿನ ತಣ್ಣೀರಿನ ಟ್ಯಾಂಕ್ ಖಾಲಿಯಾದರೆ ಸೋಲಾರ್ ತುಂಬಿದ್ದರೂ ನಲ್ಲಿ ಬರಿದು. ಮೊದಲು ಅದನ್ನು ನೋಡಿ. ತುಂಬಿದ ಮೇಲೂ ನೀರು ಗುಳುಗುಳು ಎಂದು ನಿಂತು ನಿಂತು ಬಂದರೆ ಪೈಪಿನಲ್ಲಿ ಗಾಳಿ ಸೇರಿದೆ ಎಂದರ್ಥ. ಕೆಳಗಿನ ನಲ್ಲಿಯನ್ನು ಸ್ವಲ್ಪ ಹೊತ್ತು ಬಿಟ್ಟರೆ ಹೋಗುತ್ತದೆ. ಟ್ಯಾಂಕಿನ ಮೇಲೆ ಎತ್ತರಕ್ಕೆ ನಿಂತ ಗಾಳಿಕೊಳವೆಯಿಂದ ನೀರು ತುಳುಕುತ್ತದೆಂದು ಅದಕ್ಕೆ ಬೆಣೆ ಮಾತ್ರ ಬಡಿಯಬೇಡಿ. ಟ್ಯಾಂಕಿನ ಒತ್ತಡ ಹೊರಹೋಗುವ ದಾರಿ ಅದೇ.

ಸಂಜೆ ಬಿಸಿ, ಬೆಳಿಗ್ಗೆ ತಣ್ಣಗೆ?

ಹೆಚ್ಚಿನವರು ಟ್ಯಾಂಕ್ ಹಾಳಾಯಿತೆಂದು ತಿಳಿಯುವುದು ಇಲ್ಲಿಯೇ. ಒಂದು ಸಣ್ಣ ಪರೀಕ್ಷೆ ಮಾಡಿ. ಸಂಜೆ ಟ್ಯಾಂಕಿನಿಂದ ಮನೆಗಿಳಿಯುವ ಬಿಸಿನೀರಿನ ವಾಲ್ವ್ ಮುಚ್ಚಿ, ಬೆಳಿಗ್ಗೆ ತೆರೆಯಿರಿ. ನೀರು ಬಿಸಿಯಾಗಿದ್ದರೆ ತಪ್ಪು ಟ್ಯಾಂಕಿನದಲ್ಲ, ಮನೆಯೊಳಗಿನ ನಲ್ಲಿಯದು. ಬಿಸಿ-ತಣ್ಣೀರು ಬೆರೆಸುವ ಮಿಕ್ಸರ್‌ನ ಎರಡೂ ಕಡೆ ತೆರೆದಿಟ್ಟು ಶವರ್ ಮಾತ್ರ ನಿಲ್ಲಿಸಿದರೆ ತಣ್ಣೀರು ಸದ್ದಿಲ್ಲದೆ ಬಿಸಿನೀರಿನ ಪೈಪಿಗೆ ನುಗ್ಗುತ್ತದೆ. ತೊಟ್ಟಿಕ್ಕುವ ನಲ್ಲಿಯಿಂದಲೂ ರಾತ್ರಿಯಿಡೀ ಬಿಸಿನೀರು ಹೋಗುತ್ತದೆ. ಹತ್ತಿಪ್ಪತ್ತು ರೂಪಾಯಿಯ ವಾಷರ್ ಸಾಕಾಗುವ ಕಡೆ ಸಾವಿರಗಟ್ಟಲೆ ಸುರಿಯುವುದೇಕೆ?

ಬಿಸಿಲಿದ್ದೂ ಕಾಯದಿದ್ದರೆ?

ಮಧ್ಯಾಹ್ನ ಎರಡರ ಸುಮಾರಿಗೆ ಪ್ಯಾನೆಲ್‌ನಿಂದ ಟ್ಯಾಂಕಿಗೆ ಹೋಗುವ ಮೇಲಿನ ಪೈಪನ್ನು ಒದ್ದೆಬಟ್ಟೆ ಹಿಡಿದು ಮುಟ್ಟಿ. ಪ್ಯಾನೆಲ್ ಕಾದು ಕೆಂಡವಾಗಿದ್ದೂ ಪೈಪ್ ತಣ್ಣಗಿದ್ದರೆ ಒಳಗೆ ಗಾಳಿ ಅಥವಾ ಸುಣ್ಣ ಕಟ್ಟಿದೆ. ಬೋರ್‌ವೆಲ್ ನೀರಿನ ಗಡಸುತನ ಕಾದಾಗ ಬಿಳಿ ಹರಳಾಗಿ ತಾಮ್ರದ ಕೊಳವೆಗೆ ಅಂಟಿಕೊಳ್ಳುತ್ತದೆ. ಚಹಾ ಪಾತ್ರೆಯ ತಳದಲ್ಲಿ ನೀವು ನೋಡುವ ಬಿಳಿಯೂ ಅದೇ. ಇದನ್ನು ತೆಗೆಯುವುದು ಮೆಕ್ಯಾನಿಕ್ ಕೆಲಸ. ಕಕ್ಕಸು ತೊಳೆಯುವ ಆಸಿಡ್ ತಂದು ನೀವೇ ಸುರಿಯಬೇಡಿ.

ಗಾಜಿನ ಕೊಳವೆಯ ಸೋಲಾರ್ ಆದರೆ ಪ್ರತಿ ಕೊಳವೆಯ ತುದಿ ನೋಡಿ. ಬೆಳ್ಳಿಯಂತೆ ಹೊಳೆಯಬೇಕು. ಹಾಲಿನಂತೆ ಬೆಳ್ಳಗಾಗಿದ್ದರೆ ಆ ಒಂದು ಕೊಳವೆ ಕೆಟ್ಟಿದೆ, ಅದನ್ನಷ್ಟೇ ಬದಲಿಸಿದರೆ ಆಯಿತು. ಖಾಲಿಯಿರುವ ಕೊಳವೆಗೆ ಉರಿಬಿಸಿಲಲ್ಲಿ ತಣ್ಣೀರು ತುಂಬಬೇಡಿ, ಗಾಜು ಒಡೆಯುತ್ತದೆ.

ನೆರಳನ್ನೂ ಗಮನಿಸಿ. ಸೋಲಾರ್ ಹಾಕಿಸಿದಾಗ ಮೊಣಕಾಲೆತ್ತರ ಇದ್ದ ತೆಂಗು ಈಗ ಮಾಳಿಗೆ ದಾಟಿರಬಹುದು. ಧೂಳು ಕುಳಿತ ಗಾಜನ್ನು ತಿಂಗಳಿಗೊಮ್ಮೆ, ಬಿಸಿಲೇರುವ ಮೊದಲೇ ತೊಳೆಯಿರಿ.

ಕಾಯಿಲ್‌ನಲ್ಲಿ ಜೀವದ ಪ್ರಶ್ನೆ

ಮೋಡದ ದಿನಕ್ಕೆಂದು ಟ್ಯಾಂಕಿನೊಳಗೆ ಕರೆಂಟ್ ಕಾಯಿಲ್ ಇರುತ್ತದೆ. 100 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು ಅದಕ್ಕೆ ಸುಮಾರು 4 ಯೂನಿಟ್ ಬೇಕು. ಸೋಲಾರ್ ಕೆಟ್ಟಿದ್ದು ಗೊತ್ತಾಗದೆ ದಿನವೂ ಹಾಕುತ್ತಿದ್ದರೆ ಬಿಲ್ ಏರುತ್ತದೆ. ಬಿಲ್ ಹೋಗಲಿ, ಹಳೆಯ ಕಾಯಿಲ್ ಸೀಳಿದರೆ ಕರೆಂಟ್ ನೀರಿಗೇ ಇಳಿಯಬಹುದು. ನಲ್ಲಿ ಮುಟ್ಟಿದಾಗ ಕೈ 'ಜುಂ' ಎಂದರೆ 'ಚಳಿಗೆ ಹಂಗಾಗ್ತದ' ಎಂದು ಸುಮ್ಮನಿರಬೇಡಿ, ಮತ್ತೊಮ್ಮೆ ಮುಟ್ಟಿಯೂ ನೋಡಬೇಡಿ. ಮೇನ್ ಸ್ವಿಚ್ ಆರಿಸಿ, ಎಲೆಕ್ಟ್ರಿಷಿಯನ್ ಬಂದು ಅರ್ಥಿಂಗ್ ನೋಡುವವರೆಗೆ ಆ ಬಚ್ಚಲಿಗೆ ಮಕ್ಕಳನ್ನು ಬಿಡಬೇಡಿ. 30 ಮಿಲಿ ಆಂಪಿಯರ್ ಸೋರಿಕೆಗೇ ಕರೆಂಟ್ ಕಡಿಯುವ ಬ್ರೇಕರ್ ಮನೆಗೆ ಹಾಕಿಸಿಕೊಳ್ಳಿ. ಎಲ್ಲವೂ ಸರಿಯಿದ್ದರೂ ಕಾಯಿಲ್ ಆರಿಸಿಯೇ ಸ್ನಾನಕ್ಕೆ ಇಳಿಯುವ ರೂಢಿ ಮಾಡಿಕೊಳ್ಳಿ.

ಮೆಕ್ಯಾನಿಕ್ ಬಂದಾಗ

'ಹೊಸಾದ ಹಾಕಸ್ರಿ' ಅಂದ ಕೂಡಲೇ ತಲೆಯಾಡಿಸಬೇಡಿ. ಟ್ಯಾಂಕ್ ಸೋರುತ್ತಿದೆಯೇ, ಪ್ಯಾನೆಲ್ ಕಟ್ಟಿದೆಯೇ, ಕಾಯಿಲ್ ಸುಟ್ಟಿದೆಯೇ ಎಂದು ಒಂದೊಂದನ್ನೂ ಬಿಡಿಬಿಡಿಯಾಗಿ ಕೇಳಿ. ಟ್ಯಾಂಕ್ ಗಟ್ಟಿಯಿದ್ದರೆ ಪ್ಯಾನೆಲ್ ಶುದ್ಧಿ ಮಾಡಿಸಿಯೇ ಇನ್ನಷ್ಟು ವರ್ಷ ನಡೆಸಬಹುದು. ಸುಣ್ಣ ತೆಗೆಸಿದ ತಾರೀಖನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಗ್ಯಾಸ್ ಸಿಲಿಂಡರ್ ಬಂದ ದಿನ ಬರೆಯುತ್ತೀರಲ್ಲ, ಅದರ ಪಕ್ಕದಲ್ಲೇ ಬರೆದಿಡಿ.

ಇವತ್ತು ಸಂಜೆಯೇ ಆ ವಾಲ್ವ್ ಮುಚ್ಚಿ ನೋಡಿ. ನಾಳೆ ಬೆಳಿಗ್ಗೆ ಅತ್ತೆಯವರ ಬಕೆಟಿನಲ್ಲಿ ಹಬೆ ಎದ್ದರೆ ಮೆಕ್ಯಾನಿಕ್‌ನ ಖರ್ಚು ಉಳಿಯಿತು, ಕಟ್ಟಿಗೆಯ ಹೊಗೆಯೂ ತಪ್ಪಿತು!