ದವಡೆಯ ಕೀಲು ಹುಟ್ಟುವ ಬಗೆ

ಎರಡೂ ತೋರುಬೆರಳುಗಳನ್ನು ಕಿವಿಯ ಮುಂದೆ ಇಟ್ಟುಕೊಂಡು ಬಾಯಿಯನ್ನು ನಿಧಾನವಾಗಿ ತೆರೆದು ಮುಚ್ಚಿ ನೋಡಿ. ಬೆರಳ ತುದಿಯ ಕೆಳಗೆ ಏನೋ ಉರುಳಿ ಮುಂದಕ್ಕೆ ಜಾರಿದಂತಾಗುತ್ತದೆ. ಅದೇ ದವಡೆಯ ಕೀಲು. ವೈದ್ಯರು ಇದನ್ನು ಟೆಂಪೊರೊಮ್ಯಾಂಡಿಬ್ಯುಲರ್ ಕೀಲು, ಚಿಕ್ಕದಾಗಿ ಟಿಎಂಜೆ ಎನ್ನುತ್ತಾರೆ. ಕ್ಯಾಂಟೀನಿನಲ್ಲಿ ಸಮೋಸ ತಿನ್ನುವಾಗ, ತರಗತಿಯಲ್ಲಿ ಉತ್ತರ ಹೇಳುವಾಗ, ಕುರ್‌ಆನ್ ಪಾರಾಯಣ ಮಾಡುವಾಗ ಎಡಬಲದ ಎರಡು ಕೀಲುಗಳೂ ಜೊತೆಯಾಗಿ ದುಡಿಯುತ್ತವೆ.

ಪ್ರಥಮ ಪಿಯುಸಿಯ ಜೀವಶಾಸ್ತ್ರದಲ್ಲಿ ನಾವು ಸೈನೋವಿಯಲ್ ಕೀಲುಗಳ ಬಗ್ಗೆ ಓದುತ್ತೇವೆ. ದವಡೆಯದೂ ಅದೇ ಗುಂಪಿನ ಕೀಲು. ಬಿಜಾಗರಿಯಂತೆ ತಿರುಗುವುದರ ಜೊತೆಗೆ ಮುಂದಕ್ಕೆ ಜಾರುವುದೂ ಇದಕ್ಕೆ ಗೊತ್ತು. ಆದರೆ ಇದರ ನಿಜವಾದ ವಿಶೇಷ ಇರುವುದು ಇದು ಹುಟ್ಟುವ ರೀತಿಯಲ್ಲಿ.

ಕಿವಿಗೆ ಹೋದ ಹಳೆಯ ಕೀಲು

ಭ್ರೂಣದ ಬೆನ್ನುಭಾಗದಲ್ಲಿ ನರಕೊಳವೆ ರೂಪುಗೊಳ್ಳುವಾಗ ಅದರ ಅಂಚಿನಿಂದ ನ್ಯೂರಲ್ ಕ್ರೆಸ್ಟ್ ಕೋಶಗಳು ಹೊರಡುತ್ತವೆ. ಅವುಗಳಲ್ಲಿ ಕೆಲವು ಕತ್ತಿನ ಬಳಿಯ ಮೊದಲ ಗಂಟಲು ಕಮಾನನ್ನು ಸೇರಿ ದವಡೆಗಳನ್ನು ಕಟ್ಟುತ್ತವೆ. ಮೇಲ್ದವಡೆ ಯಾವುದು, ಕೆಳದವಡೆ ಯಾವುದು ಎಂಬ ವಿಳಾಸವನ್ನು ಬರೆಯುವ ವಂಶವಾಹಿಗಳಲ್ಲಿ ಡಿಎಲ್‌ಎಕ್ಸ್-5 ಮತ್ತು ಡಿಎಲ್‌ಎಕ್ಸ್-6 ಮುಖ್ಯವಾದವು. ಇಲಿಗಳಲ್ಲಿ ಇವೆರಡನ್ನೂ ತೆಗೆದಾಗ ಕೆಳದವಡೆಯ ಜಾಗದಲ್ಲಿ ಮೇಲ್ದವಡೆಯಂಥದ್ದೇ ರಚನೆ ಬೆಳೆಯಿತು.

ಕೆಳದವಡೆಯೊಳಗೆ ಮೊದಲು ಕಾಣುವುದು ಕೋಲಿನಂಥ ಒಂದು ಮೃದ್ವಸ್ಥಿ. ಇದಕ್ಕೆ ಮೆಕೆಲ್‌ನ ಮೃದ್ವಸ್ಥಿ ಎಂದು ಹೆಸರು. ಮೀನು, ಸರೀಸೃಪ, ಹಕ್ಕಿಗಳಲ್ಲಿ ದವಡೆಯ ಕೀಲು ಇದರ ಹಿಂತುದಿಯಲ್ಲೇ ಇರುತ್ತದೆ. ನಮ್ಮಲ್ಲಿ ಆ ಹಿಂತುದಿ ಮಧ್ಯಕಿವಿಯ ಮ್ಯಾಲಿಯಸ್ ಮೂಳೆಯಾಗುತ್ತದೆ, ಅದರ ಪಕ್ಕದ ತುಣುಕು ಇಂಕಸ್ ಆಗುತ್ತದೆ. ಸರೀಸೃಪಗಳ ದವಡೆ ಮೂಳೆಗಳೇ ನಮ್ಮ ಕಿವಿಮೂಳೆಗಳಿಗೆ ಸಮಾನ ಎಂಬುದನ್ನು ಜರ್ಮನ್ ಅಂಗರಚನಾ ವಿಜ್ಞಾನಿ ಕಾರ್ಲ್ ರೈಖರ್ಟ್ 1837ರಲ್ಲೇ ತೋರಿಸಿದ್ದ. ಹಳೆಯ ದವಡೆ ಕೀಲು ಹೀಗೆ ಕೇಳುವ ಕೆಲಸಕ್ಕೆ ಹೋದದ್ದರಿಂದ ಸಸ್ತನಿಗಳಿಗೆ ಅಗಿಯಲು ಹೊಸ ಕೀಲು ಬೇಕಾಯಿತು. ಟಿಎಂಜೆ ಎಂಬುದು ಆ ಹೊಸ ಕೀಲು.

ಎರಡು ಕಡೆಯಿಂದ ಬಂದು ಸೇರುವುದು

ಮೊಣಕಾಲಿನಲ್ಲಿ ಮೊದಲು ಒಂದೇ ಉದ್ದನೆಯ ಮೃದ್ವಸ್ಥಿಯ ಅಚ್ಚು ಮೂಡಿ, ನಡುವೆ ಸೀಳಿ ಕೀಲಾಗುತ್ತದೆ. ದವಡೆಯಲ್ಲಿ ಹಾಗಲ್ಲ. ಕೆಳದವಡೆಯ ತುದಿಯಾದ ಕಾಂಡೈಲ್ ಒಂದು ಕಡೆ, ಕಪಾಲದ ಟೆಂಪೊರಲ್ ಮೂಳೆಯ ಗುಳಿ ಇನ್ನೊಂದು ಕಡೆ ಹುಟ್ಟುತ್ತವೆ. ಆಮೇಲೆ ಒಂದರತ್ತ ಒಂದು ಬೆಳೆದು ಹತ್ತಿರವಾಗುತ್ತವೆ.

ಮನುಷ್ಯ ಭ್ರೂಣದಲ್ಲಿ 7–8ನೇ ವಾರದ ಹೊತ್ತಿಗೆ ಈ ಎರಡು ಜಾಗಗಳಲ್ಲಿ ಕೋಶಗಳು ಒತ್ತೊತ್ತಾಗಿ ಗುಂಪುಗೂಡುತ್ತವೆ. 9ನೇ ವಾರದ ಸುಮಾರಿಗೆ ಕಾಂಡೈಲ್‌ನಲ್ಲಿ ಮೃದ್ವಸ್ಥಿ ಮೂಡತೊಡಗುತ್ತದೆ, ಕೀಲಿನ ಕೆಳಗಿನ ಕುಹರ ತೆರೆದುಕೊಳ್ಳುತ್ತದೆ. 11ನೇ ವಾರದ ಸುಮಾರಿಗೆ ಮೇಲಿನ ಕುಹರ ಶುರುವಾಗುತ್ತದೆ. ಎರಡು ಕುಹರಗಳ ನಡುವೆ ಉಳಿಯುವ ನಾರಿನ ಅಂಗಾಂಶವೇ ಕೀಲಿನ ಮೆತ್ತೆ, ಅಂದರೆ ಡಿಸ್ಕ್.

ಕಾಂಡೈಲ್‌ನ ಕೋಶಗಳಲ್ಲಿ ಎರಡು ಸ್ವಿಚ್ಚುಗಳಿವೆ. ಸಾಕ್ಸ್-9 ಮೃದ್ವಸ್ಥಿಯ ಕಡೆಗೆ, ರನ್ಕ್ಸ್-2 ಮೂಳೆಯ ಕಡೆಗೆ ಒಯ್ಯುವ ಸ್ವಿಚ್ಚು. ಕೈಕಾಲಿನ ಮೃದ್ವಸ್ಥಿ ಮೂಡಲು ಮುಖ್ಯವಾಗಿ ಸಾಕ್ಸ್-9 ಸಾಕು. ಆದರೆ ರನ್ಕ್ಸ್-2 ಇಲ್ಲದ ಇಲಿಗಳಲ್ಲಿ ಕಾಂಡೈಲ್‌ನ ಮೃದ್ವಸ್ಥಿಯೇ ಹುಟ್ಟುವುದಿಲ್ಲ. ಮೂಳೆಯಾಗಲು ಹೊರಟ ಕೋಶಗಳೇ ಇಲ್ಲಿ ದಾರಿ ಬದಲಿಸಿ ಮೃದ್ವಸ್ಥಿಯಾಗುತ್ತವೆ. ಇದನ್ನು ದ್ವಿತೀಯಕ ಮೃದ್ವಸ್ಥಿ ಎನ್ನುವುದು ಅದಕ್ಕೇ.

ಮೂರನೆಯ ಪಾತ್ರಧಾರಿಯ ಹೆಸರು ಇಂಡಿಯನ್ ಹೆಡ್ಜ್‌ಹಾಗ್. ಹಣ್ಣುನೊಣದ ಒಂದು ವಂಶವಾಹಿ ಕೆಟ್ಟಾಗ ಅದರ ಮರಿಹುಳುವಿನ ಮೈತುಂಬ ಮುಳ್ಳುಗಳಂಥ ರಚನೆ ಕಂಡದ್ದರಿಂದ ಆ ವಂಶವಾಹಿಗೆ ಹೆಡ್ಜ್‌ಹಾಗ್ ಎಂಬ ಮುಳ್ಳುಮೈಯ ಪ್ರಾಣಿಯ ಹೆಸರಿಟ್ಟರು. ಸಸ್ತನಿಗಳಲ್ಲಿ ಅದರ ಮೂರು ರೂಪಗಳು ಸಿಕ್ಕವು. ಒಂದಕ್ಕೆ ಭಾರತದ ಹೆಡ್ಜ್‌ಹಾಗ್ ಹೆಸರು ಬಂತು. ಬಲಿಯುತ್ತಿರುವ ಮೃದ್ವಸ್ಥಿ ಕೋಶಗಳು ಈ ಸಂಕೇತ ಪ್ರೋಟೀನನ್ನು ಹೊರಬಿಟ್ಟು ಮೇಲಿನ ಎಳೆಯ ಕೋಶಗಳು ವಿಭಜನೆಯಾಗುತ್ತಲೇ ಇರುವಂತೆ ನೋಡಿಕೊಳ್ಳುತ್ತವೆ. ಇದು ಇಲ್ಲದ ಇಲಿಗಳಲ್ಲಿ ಡಿಸ್ಕ್ ಬೇರ್ಪಟ್ಟು ರೂಪುಗೊಳ್ಳಲಿಲ್ಲ.

ಅಲುಗಾಟವೂ ಬೇಕು

ವಂಶವಾಹಿಗಳಿಂದಷ್ಟೇ ಕೀಲು ಪೂರ್ತಿಯಾಗುವುದಿಲ್ಲ. ಗರ್ಭದಲ್ಲಿರುವಾಗಲೇ ಮಗು ಬಾಯಿ ತೆರೆಯುತ್ತದೆ, ಮುಚ್ಚುತ್ತದೆ, ನುಂಗುತ್ತದೆ. ಇಲಿಯ ಭ್ರೂಣಗಳ ದವಡೆಯನ್ನು ಹೊಲಿದು ಅಲುಗಾಡದಂತೆ ಮಾಡಿದ ಪ್ರಯೋಗದಲ್ಲಿ ಕಾಂಡೈಲ್‌ನ ಮೃದ್ವಸ್ಥಿ ಸರಿಯಾಗಿ ಬೆಳೆಯಲಿಲ್ಲ. ಗುಳಿಗೂ ಜೊತೆಗಾರ ಬೇಕು: ಇಲಿಗಳಲ್ಲಿ ಕಾಂಡೈಲ್ ಇಲ್ಲದಿದ್ದರೂ ಗುಳಿ ಮೂಡಲು ಶುರುವಾಗುತ್ತದೆ, ಆದರೆ ಉಳಿಯುವುದಿಲ್ಲ.

ಹುಟ್ಟಿದ ಮೇಲೂ ಕಟ್ಟಡದ ಕೆಲಸ ನಿಲ್ಲುವುದಿಲ್ಲ. ಹಸುಗೂಸಿನ ಗುಳಿ ಬಹುಮಟ್ಟಿಗೆ ಚಪ್ಪಟೆ. ದವಡೆಯನ್ನು ಹಿಂದೆ ಮುಂದೆ ಜಾರಿಸಿ ಹಾಲು ಹೀರಲು ಅದೇ ಅನುಕೂಲ. ಹಲ್ಲು ಬಂದು ಅಗಿಯುವುದು ಶುರುವಾದಂತೆ ಗುಳಿಯ ಮುಂದಿನ ಉಬ್ಬು ಎದ್ದು ನಿಲ್ಲುತ್ತದೆ. ಕಾಂಡೈಲ್‌ನ ಮೃದ್ವಸ್ಥಿ ನಮ್ಮ ಪಿಯುಸಿ ವಯಸ್ಸಿನಲ್ಲೂ ಬೆಳವಣಿಗೆಯಲ್ಲಿ ಪಾಲುಗೊಳ್ಳುತ್ತಿರುತ್ತದೆ.

ಇದು ನಮಗೇಕೆ ಮುಖ್ಯ?

ಚಿಕ್ಕ ಮಕ್ಕಳು ಮಹಡಿ ಮೆಟ್ಟಿಲಿನಿಂದಲೋ ಸೈಕಲ್ಲಿನಿಂದಲೋ ಬಿದ್ದು ಗಲ್ಲಕ್ಕೆ ಪೆಟ್ಟಾದರೆ ಆ ಹೊಡೆತ ನೇರ ಕಾಂಡೈಲ್‌ಗೆ ತಲುಪುತ್ತದೆ. ಗಲ್ಲದ ಗಾಯಕ್ಕೆ ಹೊಲಿಗೆ ಹಾಕಿಸಿ ಮನೆಗೆ ಬಂದರೆ ಒಳಗಿನ ಬಿರುಕು ಗಮನಕ್ಕೆ ಬಾರದೇ ಹೋಗಬಹುದು. ನೋವಿಗೆ ಹೆದರಿ ಮಗು ಬಾಯಿ ಅಲುಗಾಡಿಸುವುದನ್ನು ಬಿಟ್ಟರೆ, ಒಳಗೆ ಕಟ್ಟಿದ ರಕ್ತ ಕ್ರಮೇಣ ಮೂಳೆಯಾಗಿ ಕೀಲೇ ಬೆಸೆದುಕೊಳ್ಳಬಹುದು. ಇದಕ್ಕೆ ಆಂಕಿಲೋಸಿಸ್ ಎನ್ನುತ್ತಾರೆ. ಬಾಯಿ ತೆರೆಯುವುದಿಲ್ಲ, ಕೆಳದವಡೆ ಬೆಳೆಯುವುದಿಲ್ಲ, ಗಲ್ಲ ಹಿಂದೆ ಸರಿದು ಉಸಿರಾಟದ ದಾರಿಯೂ ಕಿರಿದಾಗಬಹುದು. ಮಕ್ಕಳ ಕಾಂಡೈಲ್ ಮುರಿತದಲ್ಲಿ ದವಡೆಯನ್ನು ಬಹಳ ದಿನ ಕಟ್ಟಿಡದೆ, ವೈದ್ಯರು ಬೇಗನೆ ಬಾಯಿಯ ವ್ಯಾಯಾಮ ಮಾಡಿಸುವುದು ಇದೇ ಕಾರಣಕ್ಕೆ. ಗರ್ಭದಲ್ಲಿ ಕೀಲನ್ನು ಕಟ್ಟಲು ನೆರವಾದ ಅಲುಗಾಟವೇ ಈಗ ಅದನ್ನು ಉಳಿಸಿಕೊಳ್ಳಲೂ ಬೇಕು.

ಬಾಯಿ ತೆರೆದಾಗ ನೋವಿಲ್ಲದೆ 'ಟಕ್' ಎನ್ನುವ ಸದ್ದಷ್ಟೇ ಬಂದರೆ ಸಾಮಾನ್ಯವಾಗಿ ಚಿಂತಿಸಬೇಕಿಲ್ಲ. ನೋವಿದ್ದರೆ, ದವಡೆ ಸಿಕ್ಕಿಕೊಂಡರೆ ದಂತವೈದ್ಯರಿಗೆ ತೋರಿಸಿ. ಮನೆಯಲ್ಲಿ ತಮ್ಮನೋ ತಂಗಿಯೋ ಗಲ್ಲ ಊರಿ ಬಿದ್ದರೆ ಗಾಯ ವಾಸಿಯಾದ ಮೇಲೂ ಕೆಲವು ತಿಂಗಳು ಗಮನವಿಡಿ. ಅವರದೇ ಮೂರು ಬೆರಳುಗಳು ಒಂದರ ಮೇಲೊಂದಾಗಿ ಮುಂದಿನ ಹಲ್ಲುಗಳ ನಡುವೆ ಹಿಡಿಸಬೇಕು. ಹಿಡಿಸದಿದ್ದರೆ, ಅಥವಾ ಬಾಯಿ ತೆರೆದಾಗ ಗಲ್ಲ ಒಂದು ಪಕ್ಕಕ್ಕೆ ವಾಲಿದರೆ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.